ತಿಂಮ ಓಟಿಗೆ ನಿಂತಿದ್ದರೆ?

ಹರಪನಹಳ್ಳಿಯ ಬೀಚಿ, ಹಡಗಲಿಯ ಪ್ರಕಾಶ್ ಮತ್ತು ಮೂರು ಸಲ ಜಿಲ್ಲೆ ಬದಲಾಯಿಸಿದ ತಾಲ್ಲೂಕು

ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೂರು ಸಲ ಜಿಲ್ಲೆ ಬದಲಾಯಿಸಿದ ಊರು ಯಾವುದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಯಾವ ಬಸ್ಸಿನಲ್ಲಿ ಈ ಒಗಟು ಹಾಕಿದರೂ ಉತ್ತರಕ್ಕೆ ಮುಂದಿನ ಸ್ಟಾಪಿನ ತನಕ ಕಾಯಬೇಕಿಲ್ಲ. ಹರಪನಹಳ್ಳಿ! 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು. 2018ರಲ್ಲಿ ದಾವಣಗೆರೆ ಬಿಟ್ಟು ಬಳ್ಳಾರಿಗೆ ವಾಪಸ್ ಬಂತು. 2021ರಲ್ಲಿ ಬಳ್ಳಾರಿಯನ್ನೂ ಬಿಟ್ಟು ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿತು. ಪಾಳೆಯಗಾರರ ಕೋಟೆ ಇದ್ದಲ್ಲೇ ಇದೆ. ಕೆರೆ ಇದ್ದಲ್ಲೇ ಇದೆ. ಬದಲಾದದ್ದು ಅಂಗಡಿ ಬೋರ್ಡಿನ ಕೊನೆಯ ಸಾಲು ಮತ್ತು ಸರ್ಕಾರಿ ಅರ್ಜಿಯಲ್ಲಿ 'ಜಿಲ್ಲೆ' ಎಂಬ ಎರಡಕ್ಷರದ ಮುಂದಿನ ಖಾಲಿ ಜಾಗ.

ಇಷ್ಟಕ್ಕೇ ಮುಗಿಯಲಿಲ್ಲ. ತಾಲ್ಲೂಕು ವಿಜಯನಗರ ಜಿಲ್ಲೆಯದ್ದು, ಆದರೆ ಲೋಕಸಭೆಗೆ ಓಟು ಹಾಕುವುದು ದಾವಣಗೆರೆ ಕ್ಷೇತ್ರಕ್ಕೆ! ಪಕ್ಕದ ಕೊಟ್ಟೂರಿನ ಕಥೆ ಇನ್ನೂ ಚೆಂದ. ಕೊಟ್ಟೂರು ಹೆಸರಿನ ವಿಧಾನಸಭಾ ಕ್ಷೇತ್ರ ಇದ್ದಾಗ ಅದು ತಾಲ್ಲೂಕು ಆಗಿರಲಿಲ್ಲ. ತಾಲ್ಲೂಕು ಆಗುವ ಹೊತ್ತಿಗೆ ಕ್ಷೇತ್ರವೇ ಹೋಗಿತ್ತು.

ಇಂಥ ಸಂಗತಿ ಕೈಗೆ ಸಿಕ್ಕರೆ ಬಿಡದ ಒಬ್ಬ ಮನುಷ್ಯ ಇದೇ ಹರಪನಹಳ್ಳಿಯಲ್ಲಿ ಹುಟ್ಟಿದ್ದ. ಆದರೆ ತಾಲ್ಲೂಕು ಮೊದಲ ಸಲ ಮನೆ ಬದಲಾಯಿಸುವ ಹೊತ್ತಿಗೆ ಆತ ತೀರಿ ಹದಿನಾರು ವರ್ಷ ದಾಟಿತ್ತು.

ಹಗಲು ಗುಮಾಸ್ತ, ರಾತ್ರಿ ತಿಂಮ

ರಾಯಸಂ ಭೀಮಸೇನರಾವ್ ಅಂದರೆ ಈಗ ಎಷ್ಟು ಜನಕ್ಕೆ ಗೊತ್ತೋ! ಬೀಚಿ ಅಂದರೆ ಅಜ್ಜಂದಿರ ಮುಖದಲ್ಲಿ ಇವತ್ತಿಗೂ ನಗೆ ಬರುತ್ತದೆ. 1913ರ ಏಪ್ರಿಲ್ 23ರಂದು ಹರಪನಹಳ್ಳಿಯಲ್ಲಿ ಹುಟ್ಟಿದರು. ಆಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು. ಎಳವೆಯಲ್ಲೇ ತಬ್ಬಲಿಯಾದ ಹುಡುಗ ಬಡತನದಲ್ಲಿ ಬೆಳೆದು ಪೊಲೀಸ್ ಇಲಾಖೆಯಲ್ಲಿ ಗುಮಾಸ್ತನಾದ. ಕಳ್ಳತನ, ಹೊಡೆದಾಟ, ಅರ್ಜಿ, ಜವಾಬು ಇವುಗಳ ನಡುವೆ ಕುಂತು ಮನುಷ್ಯರನ್ನು ನೋಡುವುದಕ್ಕೆ ಪೊಲೀಸ್ ಕಚೇರಿಗಿಂತ ಒಳ್ಳೆಯ ಶಾಲೆ ಬೇರೆ ಬೇಕೆ?

ಕನ್ನಡ ಪುಸ್ತಕ ಅಂದರೆ ಮೊದಮೊದಲು ಮೂಗು ಮುರಿಯುತ್ತಿದ್ದವರ ಪೈಕಿ ಇವರೂ ಒಬ್ಬರು. ಅಂಥವರ ಕೈಗೆ ಅ.ನ. ಕೃಷ್ಣರಾಯರ 'ಸಂಧ್ಯಾರಾಗ' ಕಾದಂಬರಿ ಬಂತು. ಓದಿದರು, ಕರಗಿಹೋದರು. ಅಂದಿನಿಂದ ಅನಕೃ ಅವರೇ ಗುರು, ಕನ್ನಡವೇ ಕಸುಬು.

ಹೆಸರಿನಲ್ಲೇ ಚೇಷ್ಟೆ. 'ಬೀ' ಅಕ್ಷರ ಕನ್ನಡದಲ್ಲಿ, 'ಚಿ' ಇಂಗ್ಲಿಷಿನಲ್ಲಿ! ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಮಾತಾಡುವ ಕಾಲದ ಮನುಷ್ಯನಿಗೆ ಇದಕ್ಕಿಂತ ಒಪ್ಪುವ ಸಹಿ ಇಲ್ಲ. ಆತ್ಮಕಥೆಗೆ ಇಟ್ಟ ಹೆಸರು 'ನನ್ನ ಭಯಾಗ್ರಫಿ'. ಒಂದು ಅಕ್ಷರಕ್ಕೆ ಹೊಟ್ಟೆ ಸೀಳಿದ್ದೇ ತಡ, ಬದುಕಿನ ಚರಿತ್ರೆ ಹೋಗಿ ಬದುಕಿನ ಭಯ ಬಂತು. ಪದಗಳಿಗೆ ತನ್ನದೇ ಅರ್ಥ ಕೊಟ್ಟ ನಿಘಂಟಿಗೆ 'ತಿಂಮಿಕ್ಷನರಿ' ಅಂತ ನಾಮಕರಣ.

ಆದರೆ ಬೀಚಿ ಮನೆಮಾತಾದದ್ದು ಪತ್ರಿಕೆಗಳ ದೆಸೆಯಿಂದ. ಬಳ್ಳಾರಿಯ 'ರೈತ' ಪತ್ರಿಕೆಯಲ್ಲಿ 'ಬೇವಿನಕಟ್ಟೆ ತಿಂಮ', ಹುಬ್ಬಳ್ಳಿಯ 'ವಿಶಾಲ ಕರ್ನಾಟಕ'ದಲ್ಲಿ 'ಕೆನೆಮೊಸರು', ಆಮೇಲೆ 'ಸುಧಾ' ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗೆ ಉತ್ತರ. ಪುಸ್ತಕ ಕೊಳ್ಳಲು ದುಡ್ಡಿಲ್ಲದವನೂ ಕ್ಷೌರದ ಅಂಗಡಿಯಲ್ಲಿ ಕುಂತು ಪತ್ರಿಕೆ ಓದಬಹುದು. ಓದಲು ಬಾರದವನೂ ಪಕ್ಕದವನ ಬಾಯಿಂದ ಕೇಳಿ ನಗಬಹುದು. ತಿಂಮ ಹೀಗೆ ಊರೂರಿಗೆ ಹೋದ.

ಈ ತಿಂಮ ಯಾರು? ದಡ್ಡನ ವೇಷದ ಜಾಣ. ದೊಡ್ಡವರು ಆಡಿದ ಮಾತನ್ನು ಅಕ್ಷರಶಃ ತಗೊಂಡು ತಿರುಗಿ ಒಂದು ಪ್ರಶ್ನೆ ಕೇಳುತ್ತಾನೆ. ಅಲ್ಲಿಗೆ ದೊಡ್ಡವರು ತಮ್ಮ ಮಾತಿನ ಬಲೆಯಲ್ಲಿ ತಾವೇ ಸಿಕ್ಕಿಬೀಳುತ್ತಾರೆ. ಲಂಚಕೋರ ಅಧಿಕಾರಿ, ಮಡಿಯ ಹೆಸರಿನಲ್ಲಿ ಮೋಸ ಮಾಡುವವ, ಹೆಣ್ಣಿಗೊಂದು ನ್ಯಾಯ ಗಂಡಿಗೊಂದು ನ್ಯಾಯ ಹೇಳುವವ, ಖಾದಿ ತೊಟ್ಟ ಮರಿ ಪುಢಾರಿ... ಯಾರನ್ನೂ ತಿಂಮ ಬಿಟ್ಟವನಲ್ಲ. 'ದಾಸಕೂಟ', 'ಸತೀಸೂಳೆ', 'ಸರಸ್ವತಿ ಸಂಹಾರ' ಮುಂತಾದ ಕಾದಂಬರಿಗಳಲ್ಲಿ ನಗೆಯ ಹಿಂದೆ ಸಿಟ್ಟೂ ಇದೆ, ಸಂಕಟವೂ ಇದೆ.

1980ರ ಡಿಸೆಂಬರ್ 7ರಂದು ಬೀಚಿ ತೀರಿಕೊಂಡರು. ರಾಜಕೀಯದ ಬಗ್ಗೆ ಅಷ್ಟೆಲ್ಲ ಬರೆದ ಮನುಷ್ಯನ ಹೆಸರು ಶಾಸಕರ ಪಟ್ಟಿಯಲ್ಲಿ ಇಲ್ಲ, ಮಂತ್ರಿಗಳ ಪಟ್ಟಿಯಲ್ಲಿ ಇಲ್ಲ.

ಬೊಂಬಾಯಿಯಲ್ಲಿ ಆಯಿತು, ಮದರಾಸಿನಲ್ಲಿ ಆಯಿತು

ಪತ್ರಿಕೆಯ ನಗೆಗಾರ ರಾಜಕೀಯಕ್ಕೆ ಇಳಿದದ್ದೇ ಇಲ್ಲವೇ? ಇಳಿದಿದ್ದಾರೆ, ಅಕ್ಕಪಕ್ಕದ ರಾಜ್ಯಗಳಲ್ಲೇ.

ಮರಾಠಿಯ ಆಚಾರ್ಯ ಪ್ರ.ಕೆ. ಅತ್ರೆ ನಗೆ ನಾಟಕಗಳ ದೊರೆ. 1956ರಲ್ಲಿ 'ಮರಾಠಾ' ದಿನಪತ್ರಿಕೆ ತೆಗೆದರು. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಅವರ ಭಾಷಣ ಕೇಳಲು ಜನಸಾಗರ. 1957ರಲ್ಲಿ ಗೆದ್ದು ವಿಧಾನಸಭೆಗೂ ಹೋದರು. ಮುಂಬಯಿಯ ಜನ ನಕ್ಕರು, ಓಟೂ ಹಾಕಿದರು. ಆದರೆ ಆ ಚಳವಳಿ ಬೆಳಗಾವಿ, ಕಾರವಾರಗಳನ್ನೂ ಕೇಳುತ್ತಿತ್ತು. ಅಲ್ಲಿಯವರಿಗೆ ನಗೆ, ಗಡಿಯ ಈಚೆಯ ಕನ್ನಡಿಗನಿಗೆ ಚುಚ್ಚು. ನಗೆಗಾರ ಒಂದು ಪಕ್ಷ ಹಿಡಿದನೆಂದರೆ ಆತನ ನಗೆಗೂ ಒಂದು ಗಡಿ ಬಂತು ಅಂತಲೇ ಲೆಕ್ಕ.

ಮದರಾಸಿನ ಚೋ ರಾಮಸ್ವಾಮಿ ವಕೀಲರು, ನಾಟಕಕಾರರು, ಸಿನಿಮಾ ನಟರು. 1970ರಲ್ಲಿ 'ತುಘಲಕ್' ಪತ್ರಿಕೆ ಶುರು ಮಾಡಿದರು. ಮೊದಲ ಸಂಚಿಕೆಯ ಮುಖಪುಟದಲ್ಲಿ ಎರಡು ಕತ್ತೆಗಳು ಈ ಹೊಸ ಪತ್ರಿಕೆಯ ಬಗ್ಗೆಯೇ ಮಾತಾಡಿಕೊಳ್ಳುತ್ತಿದ್ದವು! ಎಲ್ಲ ಪಕ್ಷದವರನ್ನೂ ಕೆಣಕಿದ ಚೋ 1999ರಿಂದ 2005ರ ತನಕ ರಾಜ್ಯಸಭೆಯ ಸದಸ್ಯರಾಗಿದ್ದರು. ಆದರೆ ಅದು ಓಟಿನಿಂದ ಬಂದ ಕುರ್ಚಿಯಲ್ಲ, ನಾಮಕರಣದ ಕುರ್ಚಿ. ಅವರು ತೀರಿಕೊಂಡದ್ದು 2016ರ ಡಿಸೆಂಬರ್ 7ರಂದು. ಬೀಚಿ ಹೋದ ದಿನವೇ. ನಗೆಗಾರರ ಪಾಲಿಗೆ ಯಮನಿಗೆ ಆ ತಾರೀಖಿನ ಮೇಲೆ ಅದೇನು ಕಣ್ಣೋ!

ತಿಂಮನ ಠೇವಣಿ

ಈಗ ತಿಂಮ ಓಟಿಗೆ ನಿಂತ ಅಂತಲೇ ಇಟ್ಟುಕೊಳ್ಳಿ. ಠೇವಣಿಗೆ ಸಾಲ ಮಾಡಬೇಕು. ಪ್ರಚಾರಕ್ಕೆ ಜೀಪಿಲ್ಲ, ಬಸ್ಸೇ ಗತಿ. ಕೊಟ್ಟೂರಿನ ಸಂತೆಯಲ್ಲಿ ಮೈಕು ಸಿಕ್ಕರೆ ಎದುರು ಪಕ್ಷದವನನ್ನು ಬೈಯುವುದು ಬಿಟ್ಟು ಮೊದಲು ತನ್ನ ಪಕ್ಷವನ್ನೇ ಕಿಚಾಯಿಸುತ್ತಾನೆ. ಜನ ಹೊಟ್ಟೆ ಹಿಡಿದು ನಗುತ್ತಾರೆ. ಮಿರ್ಚಿ ಮಂಡಕ್ಕಿ ತಿನ್ನುತ್ತಾ ಅವನ ಮಾತನ್ನೇ ಮೆಲುಕು ಹಾಕುತ್ತಾರೆ. ಆಮೇಲೆ ಒಬ್ಬ ಹಿರಿಯ ತೀರ್ಪು ಕೊಡುತ್ತಾನೆ:

"ಮಾತೇನೋ ಚಲೋ ಆಡ್ತಾನಪಾ. ಆದ್ರ ಇಂಥೋನ್ ಕೈಯಾಗ ಕೆಲ್ಸ ಆಗತೈತೇನು?"

ಅಲ್ಲಿಗೆ ಮುಗಿಯಿತು. ನಕ್ಕವರೆಲ್ಲ ಹೋಗಿ ತಮ್ಮ ತಮ್ಮ ಜಾತಿಯ ಹುರಿಯಾಳಿಗೆ ಓಟು ಒತ್ತಿ ಬರುತ್ತಾರೆ.

ಒಂದು ವೇಳೆ ಗೆದ್ದನೆಂದರೂ ಪಾಡು ತಪ್ಪದು. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಪಕ್ಷ ವಿಪ್ ಹೊರಡಿಸಿದರೆ ಶಾಸಕ ಅದರಂತೆ ಕೈ ಎತ್ತಬೇಕು. ವಿಪ್ ಅಂದರೆ ಇಂಗ್ಲಿಷಿನಲ್ಲಿ ಚಾಟಿ ಅಂತಲೇ ಅರ್ಥ. ಪತ್ರಿಕೆಯಲ್ಲಿ ತಿಂಮನ ಕೈಯಲ್ಲಿದ್ದ ಚಾಟಿ ವಿಧಾನಸೌಧದಲ್ಲಿ ತಿಂಮನ ಬೆನ್ನ ಮೇಲೆ! ಆ ಕಾನೂನಿಗೆ ಹೆದರದವರೂ ಇದ್ದಾರೆ ಅನ್ನಿ. 2019ರಲ್ಲಿ ಕರ್ನಾಟಕದ ಹದಿನೇಳು ಶಾಸಕರು ಅನರ್ಹರಾದರು. ಅವರು ಚಾಟಿ ಮೀರಿದ್ದು ಮಾತ್ರ ಹಾಸ್ಯ ಮಾಡುವುದಕ್ಕಲ್ಲ.

ಪತ್ರಿಕೆಯ ನಗೆಗಾರನಿಗೆ ಇರುವ ಬಂಡವಾಳ ಒಂದೇ. ಯಾರ ಹಂಗೂ ಇಲ್ಲ ಅನ್ನುವುದು. ಅಂಗಡಿ ಇಟ್ಟವರಿಗೆ ಇದು ಬೇಗ ತಿಳಿಯುತ್ತದೆ. ತಕ್ಕಡಿ ಹಿಡಿದವನು ಗಿರಾಕಿಯ ಕಡೆಗೂ ವಾಲಬಾರದು, ಗಲ್ಲೆಯ ಕಡೆಗೂ ವಾಲಬಾರದು. ವಾಲಿದ ತಕ್ಕಡಿಯನ್ನು ಎರಡನೇ ಸಲ ಯಾರೂ ನಂಬುವುದಿಲ್ಲ.

ಹಡಗಲಿಯ ಕಡೆಯಿಂದ ಒಳಗೆ ಹೋದವರು

ಹಾಗಾದರೆ ಓದು ಬರಹದ ಮನುಷ್ಯ ರಾಜಕೀಯದ ಕಡೆ ತಲೆಹಾಕಲೇಬಾರದೆ? ಈ ಪ್ರಶ್ನೆಗೂ ಈ ಸೀಮೆಯಲ್ಲೇ ಉತ್ತರ ಇದೆ. ಮಲ್ಲಿಗೆಯ ಹಡಗಲಿಯಲ್ಲಿ.

ಎಂ.ಪಿ. ಪ್ರಕಾಶ್ ಹುಟ್ಟಿದ್ದು 1940ರ ಜುಲೈ 11ರಂದು, ನಾರಾಯಣದೇವರ ಕೆರೆಯಲ್ಲಿ. ಆ ಊರು ಈಗ ತುಂಗಭದ್ರಾ ಅಣೆಕಟ್ಟಿನ ನೀರಿನಡಿ ಇದೆ. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಪ್ರಕಾಶ್ ಹಡಗಲಿಯಲ್ಲಿ ವಕೀಲರಾದರು. ವಕೀಲಿಯ ಜೊತೆಗೆ ಬಣ್ಣದ ಹುಚ್ಚು. 'ರಂಗಭಾರತಿ' ಕಟ್ಟಿ ಹಡಗಲಿಯಂಥ ಸಣ್ಣ ಊರಿನಲ್ಲಿ ಹೊಸ ನಾಟಕಗಳನ್ನು ಆಡಿಸಿದರು. ಇವರು ಪತ್ರಿಕೆಯ ಹಾಸ್ಯಗಾರರಲ್ಲ, ರಂಗದ ಮನುಷ್ಯ. ಆದರೂ ಬೀಚಿಯ ಹಾಗೆ ಪುಸ್ತಕ, ಮಾತು, ಜನ ಇವುಗಳಿಂದ ಬೆಳೆದವರು.

1983ರಲ್ಲಿ ಜನತಾ ಅಲೆಯಲ್ಲಿ ಹಡಗಲಿಯಿಂದ ಗೆದ್ದರು. 1985ರಲ್ಲಿ ಮತ್ತೆ ಗೆದ್ದರು. 1989ರಲ್ಲಿ ಸೋತರು. 1994ರಲ್ಲಿ ಗೆದ್ದರು, 1999ರಲ್ಲಿ ಸೋತರು, 2004ರಲ್ಲಿ ಗೆದ್ದರು. ಏತದ ಬಾನಿಯ ಹಾಗೆ ಮೇಲೆ, ಕೆಳಗೆ. ಗೆದ್ದಾಗ ಸುಮ್ಮನೆ ಕೂರಲಿಲ್ಲ. ಹಂಪಿ ಉತ್ಸವ ಅಂದರೆ ಇವತ್ತಿಗೂ ಮೊದಲು ನೆನಪಾಗುವ ಹೆಸರು ಪ್ರಕಾಶ್. ಗ್ರಾಮೀಣಾಭಿವೃದ್ಧಿ ಖಾತೆ ನೋಡಿಕೊಂಡರು. 2005ರಲ್ಲಿ ಧರ್ಮಸಿಂಗ್ ಸಂಪುಟದಲ್ಲಿ ಉಪಮುಖ್ಯಮಂತ್ರಿಯಾದರು. 2006ರಲ್ಲಿ ಎಚ್.ಡಿ. ಕುಮಾರಸ್ವಾಮಿ ಸಂಪುಟದಲ್ಲಿ ಗೃಹ ಮಂತ್ರಿ.

ಇಲ್ಲೊಂದು ತಮಾಷೆ ಗಮನಿಸಿ. ಹರಪನಹಳ್ಳಿಯವರು ಪೊಲೀಸ್ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಗುಮಾಸ್ತರಾಗಿ ಕುಂತರು. ಹಡಗಲಿಯವರು ಅದೇ ಇಲಾಖೆಯ ಮೇಲಿನ ಮೆಟ್ಟಿಲಲ್ಲಿ ಮಂತ್ರಿಯಾಗಿ ಕುಂತರು. ಕೆಳಗಿದ್ದವರಿಗೆ ಬಾಯಿತುಂಬ ನಗುವ ಸ್ವಾತಂತ್ರ್ಯ ಇತ್ತು, ಒಂದು ಕಾಗದಕ್ಕೆ ಸಹಿ ಹಾಕುವ ಅಧಿಕಾರ ಇರಲಿಲ್ಲ. ಮೇಲಿದ್ದವರಿಗೆ ಸಹಿ ಹಾಕುವ ಅಧಿಕಾರ ಇತ್ತು, ಬಾಯಿತುಂಬ ನಗುವ ಸ್ವಾತಂತ್ರ್ಯ ಇರಲಿಲ್ಲ.

2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆಯಾಗಿ ಹಡಗಲಿ ಮೀಸಲು ಕ್ಷೇತ್ರವಾಯಿತು. ಪ್ರಕಾಶ್ ಪಕ್ಕಕ್ಕೆ ಸರಿಯಬೇಕಾಯಿತು. ಎಲ್ಲಿಗೆ? ಬೀಚಿ ಹುಟ್ಟಿದ ಹರಪನಹಳ್ಳಿಗೆ! ಕಾಂಗ್ರೆಸ್ಸಿನಿಂದ ನಿಂತರು, ಕರುಣಾಕರ ರೆಡ್ಡಿ ಎದುರು ಸೋತರು. 2011ರ ಫೆಬ್ರುವರಿ 9ರಂದು ಕಣ್ಣು ಮುಚ್ಚಿದರು. ಉಪಮುಖ್ಯಮಂತ್ರಿಯಾಗಿದ್ದವರನ್ನೂ ಎದ್ದು ಕಳಿಸುವ ಮತದಾರನಿಗಿಂತ ದೊಡ್ಡ ಹಾಸ್ಯಗಾರ ಇನ್ನೊಬ್ಬನಿಲ್ಲ.

ಗೆರೆಯ ಆಚೆ, ಗೆರೆಯ ಈಚೆ

ಈಗ ಮತ್ತೆ ಆ ಮೂರು ಸಲ ಬದಲಾದ ಜಿಲ್ಲೆಯ ಮಾತಿಗೆ ಬರೋಣ. ಅದು ನಗೆಯ ಮಾತಾಗಿ ಉಳಿಯಲಿಲ್ಲ, ಮಕ್ಕಳ ಅನ್ನದ ಮಾತಾಯಿತು.

1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡಿದಾಗ ಹರಪನಹಳ್ಳಿ ದಾವಣಗೆರೆಗೆ ಸೇರಿತು. ದಾವಣಗೆರೆ ಹತ್ತಿರ, ಬಳ್ಳಾರಿ ದೂರ. ಸರಕು ತರುವವರಿಗೆ, ಆಸ್ಪತ್ರೆಗೆ ಹೋಗುವವರಿಗೆ ಅನುಕೂಲವೇ ಆಯಿತು. "ಒಂದೇ ಬಸ್ಸಿಗೆ ಜಿಲ್ಲಾ ಕಚೇರಿ ಮುಟ್ತೀವಿ, ಇನ್ನೇನು ಬೇಕು?" ಅಂದವರೂ ಇದ್ದರು. ಅವರದ್ದು ತಪ್ಪಲ್ಲ.

ಆದರೆ 2013ರಲ್ಲಿ ಸಂವಿಧಾನದ 371(ಜೆ) ಕಲಂ ಜಾರಿಗೆ ಬಂತು. ಬೀದರ್, ಗುಲ್ಬರ್ಗ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಈ ಆರು ಜಿಲ್ಲೆಗಳವರಿಗೆ ವಿಶೇಷ ಸ್ಥಾನಮಾನ. ಆ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಅಲ್ಲಿಯವರಿಗೇ. ರಾಜ್ಯದ ಉಳಿದ ಕಡೆ ನೂರಕ್ಕೆ 8. ಸರ್ಕಾರಿ ಕೆಲಸದಲ್ಲೂ ಮೀಸಲಾತಿ, ಅಭಿವೃದ್ಧಿಗೆ ಬೇರೆ ಮಂಡಳಿ. ಆಗ ಹೈದರಾಬಾದ್ ಕರ್ನಾಟಕ ಅಂತ ಹೆಸರು. ಆದರೆ ಬಳ್ಳಾರಿ 1953ರ ತನಕ ಇದ್ದದ್ದು ಮದರಾಸಿನಲ್ಲಿ, ನಿಜಾಮನ ಕೈಕೆಳಗಲ್ಲ. ಇರಲಿ, ಹೆಸರು ಏನಾದರೇನು, ಸೀಟು ಬಂತಲ್ಲ!

ಬಂದದ್ದು ಯಾರಿಗೆ? ಹಡಗಲಿಯ ಹುಡುಗನಿಗೆ ಬಂತು. ಕೂಡ್ಲಿಗಿಯ ಹುಡುಗಿಗೆ ಬಂತು. ಹಗರಿಬೊಮ್ಮನಹಳ್ಳಿಗೆ ಬಂತು. ನಡುವೆ ಕುಂತ ಹರಪನಹಳ್ಳಿಗೆ ಬರಲಿಲ್ಲ. ಅದು ದಾವಣಗೆರೆ ಜಿಲ್ಲೆ! ಅದೇ ಮಳೆ, ಅದೇ ಬರ, ಅದೇ ಜೋಳದ ಹೊಲ. ಗಡಿಯ ಒಂದು ಹಳ್ಳಿಯ ಹುಡುಗನಿಗೆ ಮೆಡಿಕಲ್ ಸೀಟಿನ ಆಸೆ, ಹೊಲದ ಬದು ದಾಟಿದರೆ ಆಚೆ ಹಳ್ಳಿಯ ಹುಡುಗನಿಗೆ ಬರೇ ನಿರಾಸೆ. 1997ರಲ್ಲಿ ಕಾಗದದ ಮೇಲೆ ಎಳೆದ ಒಂದು ಗೆರೆ ಹದಿನಾರು ವರ್ಷ ಬಿಟ್ಟು ಹೀಗೆ ಬಂದು ಕಚ್ಚಿತು.

ತಾಲ್ಲೂಕಿನಲ್ಲಿ ಹೋರಾಟ ಎದ್ದಿತು. 2013ರಲ್ಲಿ ಹರಪನಹಳ್ಳಿಯಿಂದ ಗೆದ್ದ ಎಂ.ಪಿ. ರವೀಂದ್ರ, ಪ್ರಕಾಶರ ಮಗ, ಈ ಬೇಡಿಕೆಯನ್ನು ಹಿಡಿದು ಸರ್ಕಾರದ ಬಾಗಿಲು ತಟ್ಟಿದರು. ಸಿದ್ದರಾಮಯ್ಯನವರ ಸರ್ಕಾರ ಒಪ್ಪಿತು. 2018ರಲ್ಲಿ ಹರಪನಹಳ್ಳಿ ಬಳ್ಳಾರಿಗೆ ಮರಳಿ 371(ಜೆ) ವ್ಯಾಪ್ತಿಗೆ ಬಂತು. ಅದೇ 2018ರ ಮೇ ತಿಂಗಳ ಚುನಾವಣೆಯಲ್ಲಿ ರವೀಂದ್ರ ಸೋತರು. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು. ಆಮೇಲೆ 2023ರಲ್ಲಿ ಅದೇ ಹರಪನಹಳ್ಳಿಯ ಜನ ಪ್ರಕಾಶರ ಮಗಳು ಲತಾ ಮಲ್ಲಿಕಾರ್ಜುನ್ ಅವರನ್ನು, ಯಾವ ಪಕ್ಷದ ಟಿಕೆಟ್ಟೂ ಇಲ್ಲದೆ ನಿಂತವರನ್ನು, ಗೆಲ್ಲಿಸಿ ಕಳಿಸಿದರು. ಮತದಾರನ ಲೆಕ್ಕ ಯಾವ ಗುಮಾಸ್ತನ ಪುಸ್ತಕಕ್ಕೂ ಸಿಗುವುದಿಲ್ಲ.

ಇದರಿಂದ ಒಂದು ಮಾತು ಸ್ಪಷ್ಟ. ಹೋದ ಸೀಟನ್ನು ವಾಪಸ್ ತಂದದ್ದು ಹಾಸ್ಯವಲ್ಲ, ರಾಜಕೀಯ. ರಾಜ್ಯಪತ್ರ ಬದಲಾಗಬೇಕಾದರೆ ಯಾರಾದರೂ ಒಳಗೆ ಹೋಗಿ, ಕಾದು ಕುಂತು, ಬೈಸಿಕೊಂಡು, ಸಹಿ ಹಾಕಿಸಿಕೊಂಡು ಬರಲೇಬೇಕು. ತಿಂಮ ಒಬ್ಬನಿಂದ ಆಗುವ ಕೆಲಸ ಅದಲ್ಲ. ರಾಜಕೀಯ ಹೊಲಸು ಅಂತ ಮೂಗು ಮುಚ್ಚಿಕೊಂಡು ಕುಂತವರು ಇದನ್ನು ನೆನಪಿಡಬೇಕು.

ಆದರೆ ಗೆರೆ ಎಳೆಯುವ ದಿನವೇ ಯಾರಾದರೂ ಕೈ ಹಿಡಿದು ಕೇಳಿದ್ದರೆ? "ಸಾಹೇಬ್ರ, ಈ ಗೆರಿ ಯಾರ ಹೊಲದಾಗ ಹಾಯ್ತೈತಿ? ನಾಳೆ ಆ ಕಡೆಯವರಿಗೆ ಏನರ ಕೊಟ್ರ ಈ ಕಡೆಯವರಿಗೂ ಕೊಡ್ತೀರೇನು?" ದಡ್ಡನ ಹಾಗೆ ಕೇಳುವ ಇಂಥ ಪ್ರಶ್ನೆಗೆ ಪದವಿ ಬೇಡ, ಪಕ್ಷ ಬೇಡ. ಒಂದು ಪತ್ರಿಕೆಯ ಮೂಲೆ ಸಾಕು. ಅದು ತಿಂಮನ ಕೆಲಸವಾಗಿತ್ತು. ಮಂತ್ರಿಗೆ ಕೇಳಲಾಗದ್ದನ್ನು, ಅಧಿಕಾರಿ ಕೇಳಬಾರದ್ದನ್ನು, ಜನ ಕೇಳಲು ಮರೆತದ್ದನ್ನು ಅವನು ಕೇಳುತ್ತಿದ್ದ.

ಮೈಲಾರದ ಬಿಲ್ಲು, ಪತ್ರಿಕೆಯ ಮೂಲೆ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಕಾರ್ಣಿಕ ನಡೆಯುತ್ತದೆ. ಗೊರವಯ್ಯ ಉಪವಾಸವಿದ್ದು ಎತ್ತರದ ಬಿಲ್ಲು ಏರುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿ ಹಿಡಿದು ನಿಲ್ಲುತ್ತಾರೆ. ಅವನು ಒಂದೇ ಒಂದು ಮಾತು ಆಡುತ್ತಾನೆ. ರೈತ ಅದರಲ್ಲಿ ಮಳೆ ಹುಡುಕುತ್ತಾನೆ, ವ್ಯಾಪಾರಿ ಧಾರಣೆ ಹುಡುಕುತ್ತಾನೆ, ಪುಢಾರಿ ತನ್ನ ಕುರ್ಚಿ ಹುಡುಕುತ್ತಾನೆ. ನುಡಿದ ಗೊರವಯ್ಯ ಮಾತ್ರ ಬಿಲ್ಲಿನಿಂದ ಇಳಿದ ಮೇಲೆ ಯಾರ ಪರವೂ ಪ್ರಚಾರಕ್ಕೆ ಹೋಗುವುದಿಲ್ಲ. ಅದಕ್ಕೇ ಆ ಮಾತಿಗೆ ಅಷ್ಟು ಬೆಲೆ.

ಪತ್ರಿಕೆಯ ನಗೆಗಾರನದ್ದೂ ಅಂಥದ್ದೇ ಬಿಲ್ಲು. ಅದರ ಮೇಲಿಂದ ಆಡಿದ ಮಾತು ಎಲ್ಲರಿಗೂ ಸೇರಿದ್ದು. ಇಳಿದು ಬಂದು ಟಿಕೆಟ್ ಕೇಳಿದ ದಿನ ಅದು ಒಂದು ಪಕ್ಷದ ಮಾತು.

ಬೀಚಿಯ ಜೋಕುಗಳನ್ನು ಈಗಲೂ ಹಾಸ್ಯ ಸಂಜೆಗಳಲ್ಲಿ ಹೇಳುತ್ತಾರೆ. ಗಂಗಾವತಿಯ ಪ್ರಾಣೇಶ್ ಅವರಂಥವರು ಬೀಚಿಯನ್ನು ವೇದಿಕೆಯ ಮೇಲೆ ಬದುಕಿಸಿ ಇಟ್ಟಿದ್ದಾರೆ. ಸಂತೋಷ. ಆದರೆ ಹಳೇ ಜೋಕಿಗೆ ನಕ್ಕು ಮನೆಗೆ ಹೋಗುವುದು ಸುಲಭ. ಹೊಸ ಗೆರೆ ಎಳೆಯುವಾಗ ಹೊಸ ಪ್ರಶ್ನೆ ಕೇಳುವುದು ಕಷ್ಟ. ಕ್ಷೇತ್ರ ಪುನರ್ವಿಂಗಡಣೆ ಮತ್ತೆ ಬಂದಾಗ ಈ ಐದು ತಾಲ್ಲೂಕುಗಳಲ್ಲಿ ಯಾವುದು ಯಾರ ಮಡಿಲಿಗೆ ಬೀಳುತ್ತದೋ! ಹರಪನಹಳ್ಳಿ ಯಾವ ಜಿಲ್ಲೆಯಲ್ಲಿ ಕುಂತು ಯಾವ ಎಂಪಿಗೆ ಓಟು ಹಾಕಬೇಕೋ! ಕೊಟ್ಟೂರಿಗೆ ಕ್ಷೇತ್ರ ಮರಳಿ ಬರುತ್ತದೋ ಇಲ್ಲವೋ!

ತಿಂಮ ಓಟಿಗೆ ನಿಂತಿದ್ದರೆ ಠೇವಣಿ ಹೋಗುತ್ತಿತ್ತು ಅನ್ನುವವರೇ ಹೆಚ್ಚು. ಹೋಗಲಿ ಬಿಡಿ. ಅವನು ನಿಲ್ಲುವುದು ಬೇಕಾಗಿಯೂ ಇರಲಿಲ್ಲ. 1997ರಲ್ಲಿ ಪತ್ರಿಕೆಯ ಒಂದು ಮೂಲೆಯಲ್ಲಿ ಕುಂತಿದ್ದರೆ ಸಾಕಿತ್ತು.